ಖಾಲಿಯಾಗದ ಟ್ಯಾಂಕು: ಉಪ್ಪಿನ ಕರದಿಂದ ಪೆಟ್ರೋಲ್ ತೆರಿಗೆಯವರೆಗೆ

ಕಳೆದ ಬೇಸಿಗೆ ರಜೆಯಲ್ಲಿ ಬಿಣಗಾದ ಮನೆಗೆ ಹೋಗಿದ್ದೆ. ಅಕ್ಕನ ಮಗ ಒಂಬತ್ತನೇ ತರಗತಿ ಪರೀಕ್ಷೆ ಮುಗಿಸಿ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಟ್ಯಾಂಕುಗಳ ಯುದ್ಧ ನಡೆಸುತ್ತಿದ್ದ. ಮರುಭೂಮಿಯಂಥ ಬಯಲಿನಲ್ಲಿ ಅವನ ಟ್ಯಾಂಕು ಎಡಬಿಡದೆ ಓಡುತ್ತಿತ್ತು. ಸುಮ್ಮನೆ ಕೆಣಕೋಣವೆಂದು, "ಇಷ್ಟೆಲ್ಲ ಓಡಿಸ್ತೀಯಲ್ಲ, ಎಣ್ಣೆ ಯಾರು ಹಾಕ್ತಾರೆ?" ಎಂದು ಕೇಳಿದೆ. ಅವನು ತಲೆ ಎತ್ತಲಿಲ್ಲ. "ಇದ್ರಲ್ಲಿ ಎಣ್ಣೆ ಖಾಲಿನೇ ಆಗೂದಿಲ್ಲ ಚಿಕ್ಕಿ" ಎಂದ.

ಮಾರನೇ ದಿನ ಕಾಣಕೋಣದ ನೆಂಟರ ಮನೆಗೆ ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ ದಾಟಿ ಪೋಳೆಂ ಸಿಕ್ಕರೆ ಗೋವೆ. ಗಡಿ ದಾಟಿದ ಕೂಡಲೇ ಸಿಕ್ಕ ಪೆಟ್ರೋಲ್ ಬಂಕಿನಲ್ಲಿ ಸಾಲು ಇತ್ತು. ಸಾಲಿನಲ್ಲಿದ್ದ ಬೈಕುಗಳಲ್ಲಿ ಹೆಚ್ಚಿನವು ಕೆಎ 30, ಅಂದರೆ ನಮ್ಮ ಕಾರವಾರದವೇ. ನಾವೂ ನಿಂತೆವು. ಹುಡುಗ ಕೇಳಿದ: "ಅದೇ ಪೆಟ್ರೋಲ್ ಅಲ್ದಾ? ಇಲ್ಲಿ ಎಂತಕ್ಕೆ ಕಡ್ಮೆ?"

"ತೆರಿಗೆ ಕಡಿಮೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಅವನಿಗೆ ಸಮಾಧಾನವಾಗಲಿಲ್ಲ. ಉತ್ತರ ಕನ್ನಡದ ಕಂದಾಯದ ಚರಿತ್ರೆಯ ಮೇಲೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿರುವ ನನಗೂ ಆ ಉತ್ತರ ನಾಚಿಕೆ ತರಿಸಿತು. ಈ ಬರಹ ಅವನಿಗೆ ಕೊಡಬೇಕಾಗಿದ್ದ ಉದ್ದದ ಉತ್ತರ.

ಮೊದಲು ಅವನ ಆಟದಿಂದಲೇ ಶುರು ಮಾಡುತ್ತೇನೆ. ಬೆಲಾರೂಸಿನ ಮಿನ್ಸ್ಕಿನಲ್ಲಿ ತಯಾರಾಗಿ 2010ರಲ್ಲಿ ಬಿಡುಗಡೆಯಾದ 'ವರ್ಲ್ಡ್ ಆಫ್ ಟ್ಯಾಂಕ್ಸ್' ಈ ಬಗೆಯ ಆಟಗಳಲ್ಲಿ ಹೆಸರಾದದ್ದು. ಅದರಲ್ಲಿ ಇಂಧನದ ತೊಟ್ಟಿಗೆ ಗುಂಡು ಬಿದ್ದರೆ ಬೆಂಕಿ ಹತ್ತುತ್ತದೆ, ಆದರೆ ಎಷ್ಟು ಓಡಿಸಿದರೂ ಇಂಧನ ಮುಗಿಯುವುದಿಲ್ಲ. ದೇಶಗಳನ್ನೇ ನಡೆಸುವ ತಂತ್ರದ ಆಟವಾದ 'ಹಾರ್ಟ್ಸ್ ಆಫ್ ಐರನ್'ನ ನಾಲ್ಕನೇ ಆವೃತ್ತಿಯಲ್ಲೂ ಇಂಧನವನ್ನು ಬೇರೆಯಾಗಿ ಲೆಕ್ಕ ಇಡುವ ಪದ್ಧತಿ ಬಂದದ್ದು 2019ರಲ್ಲಿ. ನಿಜವಾದ ಯುದ್ಧದಲ್ಲಿ ಈ ರಿಯಾಯಿತಿ ಇಲ್ಲ. 1944ರ ಡಿಸೆಂಬರಿನಲ್ಲಿ ಆರ್ಡೆನ್ ಕಾಡಿನ ಮೂಲಕ ನುಗ್ಗಿದ ಜರ್ಮನ್ ಸೇನೆಯ ಲೆಕ್ಕಾಚಾರದಲ್ಲಿ ಶತ್ರುವಿನ ಇಂಧನ ದಾಸ್ತಾನು ವಶಪಡಿಸಿಕೊಳ್ಳುವುದೂ ಸೇರಿತ್ತು. ಅದು ಕೈಗೂಡಲಿಲ್ಲ. ಮುಂಚೂಣಿಯ ಪಡೆಯೊಂದು ಬೆಲ್ಜಿಯಂನ ಲಾ ಗ್ಲೇಜ್ ಎಂಬ ಹಳ್ಳಿಯಲ್ಲಿ ಎಣ್ಣೆಯಿಲ್ಲದೆ ಸಿಕ್ಕಿಬಿದ್ದು, ಟ್ಯಾಂಕುಗಳನ್ನು ಅಲ್ಲೇ ಬಿಟ್ಟು ರಾತ್ರಿ ಕಾಲ್ನಡಿಗೆಯಲ್ಲಿ ಹಿಂದೆ ಸರಿಯಿತು.

ಆಟ ಮರೆಸುವ ಇನ್ನೊಂದು ಸಂಗತಿಯಿದೆ. ತಂತ್ರದ ಆಟದಲ್ಲಿ ಖಜಾನೆ ಎಂಬ ಅಂಕಿ ಪರದೆಯ ಮೇಲೆ ತಾನಾಗಿ ಏರುತ್ತಿರುತ್ತದೆ. ಅದನ್ನು ತುಂಬಿದವರು ಯಾರು, ತುಂಬಲು ಅವರು ಏನು ಬಿಟ್ಟುಕೊಟ್ಟರು ಎನ್ನುವುದು ಕಾಣುವುದಿಲ್ಲ. ಟ್ಯಾಂಕಿಗೆ ಎಣ್ಣೆ ಹೇಗೋ ಸರ್ಕಾರಕ್ಕೆ ತೆರಿಗೆ ಹಾಗೆ. ಕಾರವಾರ, ಅಂಕೋಲೆಗಳ ಚರಿತ್ರೆಯಲ್ಲಿ ಇದು ಮೂರು ಸಲ ಬಹಳ ಸ್ಪಷ್ಟವಾಗಿ ಕಂಡಿದೆ. ಮೊದಲನೆಯದು ನಾವು ಪೆಟ್ರೋಲಿಗೆ ನಿಂತಿದ್ದ ಗಡಿಯಲ್ಲೇ ನಡೆದದ್ದು.

ಆಗ ಗಡಿಯಲ್ಲಿ ತಕರಾರು ಎಬ್ಬಿಸಿದ್ದು ಉಪ್ಪು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿತು. ಕಾಳಿ ನದಿಯ ಆಚೆ ಸ್ವಲ್ಪ ದೂರಕ್ಕೆ ಬ್ರಿಟಿಷರ ಸೀಮೆ ಮುಗಿದು ಪೋರ್ಚುಗೀಸರ ಗೋವೆ ಶುರುವಾಗುತ್ತಿತ್ತು. ಬ್ರಿಟಿಷ್ ಸೀಮೆಯ ಉಪ್ಪಿಗೆ ಭಾರೀ ಸುಂಕ, ಗೋವೆಯ ಆಗರಗಳ ಉಪ್ಪು ಅಗ್ಗ. ಒಂದೇ ಸಮುದ್ರದ ನೀರು, ಒಂದೇ ಬಿಸಿಲು, ಎರಡು ಬೆಲೆ. ಬೆಲೆ ಎರಡಾದರೆ ಕಳ್ಳಸಾಗಣೆ ಬರುತ್ತದೆ. ಒಳನಾಡಿನಲ್ಲಿ ಬ್ರಿಟಿಷರು ಉಪ್ಪಿನ ಸುಂಕ ತಪ್ಪಿಸದಂತೆ ಸಾವಿರಾರು ಕಿಲೋಮೀಟರ್ ಉದ್ದದ ಸುಂಕದ ಗಡಿ ಹಾಕಿ, ಅದರ ಬಹುಭಾಗಕ್ಕೆ ಮುಳ್ಳಿನ ಬೇಲಿ ಬೆಳೆಸಿ, ಸುಮಾರು 12,000 ಜನರನ್ನು ಕಾವಲಿಗೆ ಇಟ್ಟಿದ್ದರು. ಅದು ರದ್ದಾದದ್ದು 1879ರಲ್ಲಿ. ಗೋವೆಯ ಗಡಿಗೆ ಮಾತ್ರ ಬೇರೆ ಉಪಾಯ ಹೂಡಿದರು. 1878ರ ಡಿಸೆಂಬರಿನಲ್ಲಿ ಪೋರ್ಚುಗಲ್ ಜೊತೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 4 ಲಕ್ಷ ರೂಪಾಯಿ ಕೊಟ್ಟು, ಗೋವೆಯ ಉಪ್ಪಿನ ಮೇಲಿನ ಏಕಸ್ವಾಮ್ಯವನ್ನೇ ಕೊಂಡುಕೊಂಡರು. ಎರಡೂ ಕಡೆ ಒಂದೇ ಸುಂಕವಾದರೆ ಗಡಿ ದಾಟುವ ಲಾಭವೇ ಇಲ್ಲ.

ಲಾಭ ಸರ್ಕಾರಗಳದ್ದಾಯಿತು. ತಮ್ಮ ಆಗರದ ಉಪ್ಪನ್ನು ತಾವೇ ಮಾರಲಾಗದ ಗೋವೆಯ ಜನ ನಷ್ಟ ಹೊತ್ತರು. 12 ವರ್ಷ ನಡೆದ ಒಪ್ಪಂದ 1892ರ ಜನವರಿಯಲ್ಲಿ ಕೊನೆಗೊಂಡು ಸುಂಕದ ಕಟ್ಟೆಗಳು ಮರಳಿದವು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇಷ್ಟು: ಉಳಿದ ಕಡೆ ತೆರಿಗೆ ಬೆಲೆಯೊಳಗೆ ಅಡಗಿ ಕೂತಿರುತ್ತದೆ, ಗಡಿಯಲ್ಲಿ ಮಾತ್ರ ಬರಿಗಣ್ಣಿಗೆ ಕಾಣುತ್ತದೆ. ಬೆಂಗಳೂರಿನ ವಿದ್ಯಾರ್ಥಿಗೆ ಪೆಟ್ರೋಲಿಗೆ ಒಂದು ಬೆಲೆ ಇದೆ, ಕಾರವಾರದ ವಿದ್ಯಾರ್ಥಿಗೆ ಎರಡು.

ಎರಡನೆಯ ಸಲ ಅದು ಕಂಡದ್ದು ಅಂಕೋಲೆಯಲ್ಲಿ. 1930ರ ಹೊತ್ತಿಗೆ ಒಂದು ಮಣ, ಅಂದರೆ ಸುಮಾರು 37 ಕಿಲೋ ಉಪ್ಪಿಗೆ ಒಂದೂಕಾಲು ರೂಪಾಯಿ ಸುಂಕ ಇತ್ತು. ವರ್ಷಕ್ಕೆ ಆರು ಕಿಲೋ ಉಪ್ಪು ತಿನ್ನುವ ಒಬ್ಬರಿಗೆ ಲೆಕ್ಕ ಹಾಕಿದರೆ ಮೂರು ಆಣೆಗೆ ಸ್ವಲ್ಪ ಹೆಚ್ಚು. ಇಷ್ಟೇ ತಾನೇ ಎನಿಸಬಹುದು. ಆದರೆ ಇದು ಬ್ರಿಟಿಷ್ ಸರ್ಕಾರದ ತೆರಿಗೆ ಆದಾಯದಲ್ಲಿ ಸುಮಾರು ನೂರಕ್ಕೆ ಎಂಟರಷ್ಟಾಗುತ್ತಿತ್ತು. ಪ್ರತಿಯೊಬ್ಬರಿಂದ ಚೂರುಚೂರು, ಯಾರೂ ತಪ್ಪಿಸಿಕೊಳ್ಳಲಾಗದ ಹಾಗೆ, ವಸೂಲಿಗೆ ಹೆಚ್ಚು ಖರ್ಚಿಲ್ಲದೆ. ತೆರಿಗೆ ಹಾಕುವವರಿಗೆ ಇದಕ್ಕಿಂತ ಅನುಕೂಲದ ವಸ್ತು ಬೇರೆ ಇರಲಿಲ್ಲ.

ಗಾಂಧೀಜಿ ಉಪ್ಪನ್ನು ಆರಿಸಿಕೊಂಡದ್ದನ್ನು ಪಠ್ಯಪುಸ್ತಕಗಳು ಹೇಳುತ್ತವೆ. 1930ರ ಜನವರಿ ಕೊನೆಯಲ್ಲಿ ಅವರು ವೈಸ್‌ರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳನ್ನು ಒಟ್ಟಿಗೆ ಓದುವವರು ಕಡಿಮೆ. ಉಪ್ಪಿನ ಕರ ರದ್ದಾಗಬೇಕು, ಭೂಕಂದಾಯ ಅರ್ಧಕ್ಕೆ ಇಳಿಯಬೇಕು ಎಂದು ಕೇಳಿದ ಪಟ್ಟಿಯಲ್ಲೇ ಸೇನೆಯ ಖರ್ಚು ಕನಿಷ್ಠ ಅರ್ಧ ಇಳಿಯಬೇಕು, ಮೇಲಧಿಕಾರಿಗಳ ಸಂಬಳ ಅರ್ಧವಾಗಬೇಕು ಎಂಬ ಬೇಡಿಕೆಗಳೂ ಇವೆ. ತೆರಿಗೆ ಕಡಿಮೆ ಮಾಡು ಎಂದವರು ಯಾವ ಖರ್ಚು ಕಡಿಮೆ ಮಾಡಬೇಕೆಂದೂ ಹೇಳಿದ್ದರು. ಬಂಕಿನ ಮುಂದೆ ನಿಂತು ಬೈಯುವ ನಾವು ಈ ಎರಡನೆಯ ಭಾಗವನ್ನು ಹೆಚ್ಚಾಗಿ ಬಿಟ್ಟುಬಿಡುತ್ತೇವೆ.

1930ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್ ದಿನದಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಅಲ್ಲಿಂದ ಹೆಚ್ಚು ದೂರವಿಲ್ಲದ ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಇಂದಿಗೂ ಉಪ್ಪಿನ ಆಗರಗಳಿವೆ. ಅಂದರೆ ಈ ಜನಕ್ಕೆ ಉಪ್ಪು ಪೇಟೆಯಿಂದ ಬರುವ ಪೊಟ್ಟಣವಾಗಿರಲಿಲ್ಲ. ಮನೆ ಮುಂದೆ ನೀರು ಒಣಗಿದರೆ ಸಿಗುವ ವಸ್ತುವಿಗೆ ಕರ ಕೊಡಬೇಕಾಗಿತ್ತು.

ಆದರೆ ಅಂಕೋಲೆಯ ನಿಜವಾದ ಪರೀಕ್ಷೆ ಉಪ್ಪಿನದ್ದಲ್ಲ, ಕರನಿರಾಕರಣೆಯದ್ದು. ಮೂವತ್ತರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲೆ ಮತ್ತು ಸಿದ್ದಾಪುರದ ರೈತರು ಭೂಕಂದಾಯ ಕೊಡುವುದಿಲ್ಲವೆಂದು ನಿಂತರು. ಪಟೇಲರ ನಾಯಕತ್ವದಲ್ಲಿ 1928ರಲ್ಲಿ ಗುಜರಾತಿನ ಬಾರ್ಡೋಲಿ ಮಾಡಿದ್ದನ್ನು ಇಲ್ಲಿ ಮಾಡಿದರು. ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂತು. ಇದನ್ನು ತಂತ್ರವೆಂದು ನೋಡಿದರೆ, ಶತ್ರುವಿನ ಟ್ಯಾಂಕನ್ನು ಒಡೆಯಲಾಗದವರು ಅದಕ್ಕೆ ಹೋಗುವ ಎಣ್ಣೆಯನ್ನು ನಿಲ್ಲಿಸಿದ ಹಾಗೆ. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಕಂದಾಯದ ರಸೀದಿ ಇತ್ತು.

ಸರ್ಕಾರ ಅದನ್ನು ಹಾಗೆಯೇ ಅರ್ಥ ಮಾಡಿಕೊಂಡಿತು. ಪಾತ್ರೆ, ದನ, ಭತ್ತ ಜಪ್ತಿಯಾದವು, ಹೊಲಗಳು ಮುಟ್ಟುಗೋಲಾಗಿ ಹರಾಜಿಗೆ ಬಂದವು. ಬೀಳುಬೆಲೆಗೆ ಕೊಂಡುಕೊಳ್ಳುವವರು ಊರುಗಳಲ್ಲೇ ಇದ್ದರು. ಸಿದ್ದಾಪುರ ಸೀಮೆಯಲ್ಲಿ ಜಪ್ತಿಯ ಸೊತ್ತು ಕೊಂಡವರ ಮನೆ ಮುಂದೆ ಹೆಂಗಸರು ಸತ್ಯಾಗ್ರಹ ಕೂತರು, ಮಾವಿನಗುಂಡಿಯಲ್ಲಿ ಆ ಮಹಿಳೆಯರ ಸ್ಮಾರಕವಿದೆ. ನನ್ನ ಮಟ್ಟಿಗೆ ಈ ಚಳವಳಿಯ ಅತ್ಯಂತ ಕಷ್ಟದ ಪುಟ ಇದೇ. ಎದುರಿಗೆ ಬಿಳಿಯ ಅಧಿಕಾರಿ ಇರಲಿಲ್ಲ, ನಿನ್ನೆಯವರೆಗೆ ನೀರು ಹಂಚಿಕೊಂಡ ನೆರೆಯವನಿದ್ದ. 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, ಮುಟ್ಟುಗೋಲಾದ ಜಮೀನುಗಳನ್ನು ಹಿಂದಿರುಗಿಸುವ ಕಾನೂನು ಆಯಿತು. ಅಲ್ಲಿಯವರೆಗೆ ಆ ಕುಟುಂಬಗಳು ಏನು ತಿಂದವು ಎನ್ನುವ ಲೆಕ್ಕ ಯಾವ ಕಂದಾಯ ದಫ್ತರದಲ್ಲೂ ಇಲ್ಲ. ಉಪ್ಪಿನ ಕರವೂ 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವು ತಿಂಗಳ ಮೊದಲು ಹೋಯಿತು.

ಈಗ ಮೂರನೆಯದಕ್ಕೆ, ನಮ್ಮ ಊರಿಗೇ ಬರುತ್ತೇನೆ. ಬಿಣಗಾ ದಂಡೆಯಲ್ಲಿ ನಿಂತರೆ ಎದುರಿಗೆ ಅಂಜುದೀವ ದ್ವೀಪ ಕಾಣುತ್ತದೆ. ನಮಗೆ ಇಷ್ಟು ಹತ್ತಿರವಿದ್ದರೂ ಅದು ಗೋವೆಗೆ ಸೇರಿದ್ದು. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ತೊಡಗಿದ್ದರು. 1961ರ ನವೆಂಬರಿನಲ್ಲಿ ಅಲ್ಲಿಂದ ಹಾರಿದ ಗುಂಡುಗಳು ಹಾದುಹೋಗುವ ಹಡಗಿನ ಮೇಲೂ ಮೀನುಗಾರರ ಮೇಲೂ ಬಿದ್ದವು. ಡಿಸೆಂಬರ್ 18ರಂದು ಭಾರತೀಯ ನೌಕಾಪಡೆ ದ್ವೀಪಕ್ಕೆ ಇಳಿದಾಗ ಏಳು ಮಂದಿ ನಾವಿಕರು ಪ್ರಾಣ ಕಳೆದುಕೊಂಡರು. ಮುಂದೆ ಎಂಬತ್ತರ ದಶಕದ ಆರಂಭದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಇದೇ ಕರಾವಳಿಯಲ್ಲಿ ದೊಡ್ಡ ನೌಕಾನೆಲೆಯ ಕನಸು ಕಂಡರು. ಮುಂಬೈ ಬಂದರು ವ್ಯಾಪಾರಿ ಹಡಗುಗಳಿಂದ ಕಿಕ್ಕಿರಿದಿತ್ತು. ಇಲ್ಲಿ ಹಿಂದೆ ಸಹ್ಯಾದ್ರಿ, ಮುಂದೆ ಆಳದ ನೀರು, ಅಡ್ಡಲಾಗಿ ದ್ವೀಪಗಳಿದ್ದವು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು.

ನಕಾಶೆಯ ಮೇಲೆ ಇದು ಒಳ್ಳೆಯ ತಂತ್ರವೇ. ಆದರೆ ನಕಾಶೆಯ ಆ ಜಾಗದಲ್ಲಿ ಜನರಿದ್ದರು. ಕಾರವಾರ, ಅಂಕೋಲೆ ತಾಲೂಕುಗಳ 13 ಹಳ್ಳಿಗಳ 11,000ಕ್ಕೂ ಹೆಚ್ಚು ಎಕರೆ ಜಮೀನು ಯೋಜನೆಗೆ ಹೋಯಿತು, 4,000ಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯಿತು. ಗದ್ದೆ, ತೆಂಗು, ದೋಣಿ ಎಳೆಯುವ ದಂಡೆ ಎಲ್ಲವೂ ಅದರಲ್ಲಿದ್ದವು.

ಇಲ್ಲಿಗೆ ಎಣ್ಣೆಯ ಬೆಲೆ ಬಂದು ಸೇರುತ್ತದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಬೇಸಿಗೆಯಲ್ಲಿ ಬ್ಯಾರಲ್ಲಿಗೆ 20 ಡಾಲರಿಗಿಂತ ಕೆಳಗಿದ್ದ ಕಚ್ಚಾ ತೈಲ ಅಕ್ಟೋಬರಿನಲ್ಲಿ 40 ಡಾಲರ್ ಮುಟ್ಟಿತು. ಮೊದಲೇ ಸಾಲದಲ್ಲಿದ್ದ ದೇಶದ ವಿದೇಶಿ ವಿನಿಮಯ 1991ರ ನಡುವೆ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಅಡವಿಗೆ ಲಂಡನ್ನಿಗೆ ಹೋಯಿತು. ಅಂಥ ಹೊತ್ತಿನಲ್ಲಿ ಹೊಸ ನೌಕಾನೆಲೆಗೆ ಹಣ ಎಲ್ಲಿಂದ? ಕೆಲಸ ನಿಂತಿತು. ಯೋಜನೆಗೆ ಮತ್ತೆ ಚಾಲನೆ ಸಿಕ್ಕದ್ದು 1999ರಲ್ಲಿ, ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿದ್ದು 2005ರ ಮೇ 31ರಂದು.

ಅಡಿಗಲ್ಲಿನಿಂದ ಮರುಚಾಲನೆಯವರೆಗಿನ 13 ವರ್ಷವನ್ನು ಇತಿಹಾಸದ ಪುಸ್ತಕ 'ವಿಳಂಬ' ಎಂಬ ಒಂದು ಪದದಲ್ಲಿ ದಾಟಿಸುತ್ತದೆ. ಸ್ವಾಧೀನದ ನೋಟಿಸು ಬಂದ ಮನೆಯಲ್ಲಿ ಆ ಪದಕ್ಕೆ ಬೇರೆ ಅರ್ಥ. ಮಾಡು ಸೋರಿದರೆ ಹಂಚು ಬದಲಿಸಬೇಕೋ ಬೇಡವೋ? ತೆಂಗಿನ ಸಸಿ ನೆಟ್ಟರೆ ಫಲ ಯಾರಿಗೆ? ಮಗಳ ಮದುವೆಯನ್ನು ಯಾವ ಅಂಗಳದಲ್ಲಿ ಮಾಡುವುದು? ಪರಿಹಾರದ ದರದ ಮೇಲಿನ ದಾವೆಗಳು ದಶಕಗಳ ಕಾಲ ಕೋರ್ಟುಗಳಲ್ಲಿ ನಡೆದವು. ಕುವೈತಿನಲ್ಲಿ ಏರಿದ ಬೆಲೆ ದಿಲ್ಲಿಯ ಬಜೆಟ್ಟಿನ ಮೂಲಕ ಅರಗಾ, ಚೆಂಡಿಯಾಗಳ ಅಂಗಳಕ್ಕೆ ತಲುಪಿದ್ದು ಹೀಗೆ. ಎಣ್ಣೆಯ ಬೆಲೆ ಎಂದರೆ ಬಂಕಿನ ಫಲಕ ಮಾತ್ರ ಎಂದುಕೊಂಡಿದ್ದ ನನಗೆ ಈ ಸರಪಳಿ ಕಂಡದ್ದು ಬಹಳ ತಡವಾಗಿ.

ಈಗ ಬಂಕಿನ ಫಲಕವನ್ನೇ ನೋಡೋಣ. 2014ರ ನಡುವಿನಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಕೇಂದ್ರದ ಅಬಕಾರಿ ಸುಂಕ 9 ರೂಪಾಯಿ 48 ಪೈಸೆ ಇತ್ತು. 2020ರಲ್ಲಿ ಕೊರೋನಾದಿಂದ ಜಗತ್ತು ನಿಂತು ಕಚ್ಚಾ ತೈಲ ಕುಸಿಯಿತು. ಏಪ್ರಿಲ್ 20ರಂದು ಅಮೆರಿಕದ ವಾಯಿದಾ ಪೇಟೆಯಲ್ಲಿ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ನಮ್ಮ ಬಂಕುಗಳಲ್ಲಿ ಮಾತ್ರ ಇಳಿಯಲಿಲ್ಲ. ಇಳಿದಷ್ಟು ಜಾಗವನ್ನು ಸುಂಕ ತುಂಬಿತು, ಆ ಮೇ ಹೊತ್ತಿಗೆ ಅದು 33 ರೂಪಾಯಿಯ ಹತ್ತಿರಕ್ಕೆ ಹೋಗಿತ್ತು. 2022ರ ಮೇ ತಿಂಗಳ ಕಡಿತದ ಬಳಿಕ 19 ರೂಪಾಯಿ 90 ಪೈಸೆಗೆ ಬಂತು. ಆ ಮೊತ್ತದಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳುವ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ, ಉಳಿದದ್ದು ಸೆಸ್ಸು ಮತ್ತು ವಿಶೇಷ ಸುಂಕದ ಹೆಸರಿನಲ್ಲಿ ಕೇಂದ್ರದಲ್ಲೇ ಉಳಿಯುವ ಹಣ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ರಾಜ್ಯಗಳೂ ತಮ್ಮ ತಮ್ಮ ದರ ಹಾಕುತ್ತವೆ. ಗೋವೆಯಲ್ಲಿ 2012ರಲ್ಲಿ ಮನೋಹರ ಪರ್ರೀಕರ್ ಸರ್ಕಾರ ಪೆಟ್ರೋಲ್ ಮೇಲಿನ ವ್ಯಾಟನ್ನು 20%ರಿಂದ 0.1%ಕ್ಕೆ ಇಳಿಸಿದಾಗ ಲೀಟರಿಗೆ ಸುಮಾರು 11 ರೂಪಾಯಿ ಇಳಿದಿತ್ತು. ಪೋಳೆಂ ಕಡೆಗಿನ ಓಟಕ್ಕೆ ರಂಗೇರಿದ್ದು ಆಗ. ಮುಂದೆ ಅಲ್ಲೂ ದರ ಏರಿತು. 2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು 25.92%ರಿಂದ 29.84%ಕ್ಕೆ ಏರಿಸಿದ ಮೇಲೆ ಗಡಿಯ ಎರಡು ಬೆಲೆಗಳ ನಡುವಿನ ಅಂತರ ಮತ್ತೆ ಹಿಗ್ಗಿತು.

ಇದನ್ನು ಹೊಸ ಉಪ್ಪಿನ ಕರ ಎನ್ನಬಹುದೇ? ಸ್ವಭಾವದಲ್ಲಿ ಹೌದು. ಚೂರುಚೂರಾಗಿ ಎಲ್ಲರಿಂದ ಬರುತ್ತದೆ, ತಪ್ಪಿಸಿಕೊಳ್ಳುವುದು ಕಷ್ಟ, ವಸೂಲಿ ಸುಲಭ. ಬೈಕಿಲ್ಲದವರೂ ಲಾರಿಯಲ್ಲಿ ಬರುವ ಅಕ್ಕಿ, ತರಕಾರಿಯ ಬೆಲೆಯಲ್ಲಿ ಅದನ್ನು ಕೊಡುತ್ತಾರೆ. ಆದರೆ ಹೋಲಿಕೆಯನ್ನು ಪೂರ್ತಿ ಎಳೆಯುವುದು ಅಪ್ರಾಮಾಣಿಕ. ಉಪ್ಪಿನ ಕರ ಕೊಟ್ಟ ಅಂಕೋಲೆಯ ರೈತನಿಗೆ ಖರ್ಚಿನ ಮೇಲೆ ಮಾತಿರಲಿಲ್ಲ. ನಮಗೆ ಓಟಿದೆ, ಖರ್ಚು ಕಣ್ಣೆದುರಿಗೂ ಇದೆ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಅಕ್ಕ ಕಾರವಾರದ ಪೇಟೆಗೆ ಶಕ್ತಿ ಯೋಜನೆಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡು ಕೊಡದೆ ಹೋಗಿ ಬರುತ್ತಾಳೆ. ಭಾವ ಬೈಕಿಗೆ ಎಣ್ಣೆ ಹಾಕಿಸಿ ಬಂದು ತೆರಿಗೆಗೆ ಬೈಯುತ್ತಾನೆ. ದಂಡೆಯ ಯಾಂತ್ರಿಕ ದೋಣಿಗಳಿಗೆ ಕರರಹಿತ ಡೀಸೆಲ್ ಮಿತಿಯೊಳಗೆ ಸಿಗುತ್ತದೆ. ಎದುರಿನ ನೌಕಾನೆಲೆಯ ಹಡಗಿಗೂ ನಮ್ಮದೇ ಹಣ. ಒಂದೇ ಜಗಲಿಯಲ್ಲಿ ಕೊಡುವವರೂ ಪಡೆಯುವವರೂ ಕೂತಿದ್ದಾರೆ, ಸಾಲ ಸೋಲದ ಲೆಕ್ಕ ಮಾತ್ರ ಯಾರಿಗೂ ಗೊತ್ತಿಲ್ಲ.

ನನ್ನ ತಕರಾರು ಈ ಗೊತ್ತಿಲ್ಲದಿರುವಿಕೆಯ ಬಗ್ಗೆ. ತೆರಿಗೆ ಹೆಚ್ಚೋ ಕಡಿಮೆಯೋ ಎಂಬ ಜಗಳಕ್ಕಿಂತ ಮೊದಲು ಅದು ಕಾಣಬೇಕು. ಕರನಿರಾಕರಣೆಯ ರೈತನಿಗೆ ತಾನು ಎಷ್ಟು ಕೊಡುತ್ತೇನೆಂದು ಗೊತ್ತಿತ್ತು, ಯಾಕೆಂದರೆ ಅವನ ರಸೀದಿಯಲ್ಲಿ ಬರೆದಿತ್ತು. ಗೊತ್ತಿದ್ದರಿಂದಲೇ ಅವನು ಬೇಡ ಎನ್ನಲೂ ಸಾಧ್ಯವಾಯಿತು.

ಪೋಳೆಂನಲ್ಲಿ ನಮ್ಮ ಸರದಿ ಬಂತು. ಟ್ಯಾಂಕಿಗೆ ಐದು ಲೀಟರ್ ಹಿಡಿಯಿತು. ಮುಂದಿನ ದಾರಿಯಲ್ಲಿ ಹುಡುಗ ಬೆರಳೆಣಿಸಿ ಲೆಕ್ಕ ಹಾಕಿದ. ಲೀಟರಿಗೆ ಏಳು ರೂಪಾಯಿ ಉಳಿಯಿತೆಂದರೂ ಐದು ಲೀಟರಿಗೆ 35. ಬಿಣಗಾದಿಂದ ಇಲ್ಲಿಗೆ ಬಂದು ಹೋಗಲು 40 ಕಿಲೋಮೀಟರಿನ ಆಸುಪಾಸು, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಖರ್ಚು. "ಬರೀ ಪೆಟ್ರೋಲಿಗೇ ಬಂದಿದ್ರೆ ಲಾಸು ಚಿಕ್ಕಿ" ಎಂದ. ಮಾಜಾಳಿಯವರಿಗೆ ಲಾಭ, ನಮಗೆ ಲಾಸು. ಅವನ ಆಟದಲ್ಲಿ ಇಲ್ಲದ ಲೆಕ್ಕ ಇದು.

ಸಂಜೆ ಕಾಣಕೋಣದ ಹೋಟೆಲಿನಲ್ಲಿ ಎರಡು ಚಾ, ಒಂದು ಪ್ಲೇಟ್ ಬನ್ಸ್ ತಿಂದೆವು. ಬಿಲ್ಲಿನಲ್ಲಿ ಕೇಂದ್ರದ ಜಿಎಸ್‌ಟಿ ಇಷ್ಟು, ರಾಜ್ಯದ ಜಿಎಸ್‌ಟಿ ಇಷ್ಟು ಎಂದು ಪೈಸೆಯವರೆಗೆ ಬರೆದಿತ್ತು. ಹುಡುಗ ಜೇಬಿನಿಂದ ಪೆಟ್ರೋಲಿನ ಚೀಟಿ ತೆಗೆದು ಪಕ್ಕದಲ್ಲಿಟ್ಟ. ಅದರಲ್ಲಿ ಲೀಟರ್, ದರ, ಮೊತ್ತ ಅಷ್ಟೇ ಇತ್ತು. ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, "ಚಾಕ್ಕೆ ಬರ್ದಾರೆ, ಇದ್ಕೆ ಎಂತಕ್ಕೆ ಬರೀಲಿಲ್ಲ?" ಎಂದು ಕೇಳಿದ.

ಆ ಚೀಟಿ ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ, ಅಂಕೋಲೆಯ ಹಳೆಯ ಕಂದಾಯ ರಸೀದಿಯೊಂದರ ನೆರಳಚ್ಚು ಪ್ರತಿಯ ಪಕ್ಕದಲ್ಲಿ.